‘ಅರಿಯದೆ’ ಮಾಡಿದ್ದೋ, ‘ಗೊತ್ತಿಲ್ಲದೆ’ ಮಾಡಿದ್ದೋ?

ಪ್ರಶ್ನೆ: ನನ್ನ ಮಗ ಒಂಬತ್ತನೇ ತರಗತಿ. ಶಾಲೆಯ ಮೈದಾನದಲ್ಲಿ ಕ್ರಿಕೆಟ್ ಆಡುವಾಗ ಅವನು ಹೊಡೆದ ಚೆಂಡು ಲ್ಯಾಬಿನ ಕಿಟಕಿಗೆ ಬಿದ್ದು ಗಾಜು ಒಡೆಯಿತು. ಕ್ಷಮಾಪಣೆ ಪತ್ರ ಬರೆದುಕೊಡು ಅಂದರಂತೆ. ‘ನಾನು ಅರಿಯದೆ ಈ ತಪ್ಪು ಮಾಡಿದೆ’ ಎಂದು ಬರೆದ. ಮೇಷ್ಟ್ರು ‘ಅರಿಯದೆ’ಗೆ ಗೀಟು ಹಾಕಿ ‘ಗೊತ್ತಿಲ್ಲದೆ’ ಎಂದು ತಿದ್ದಿದ್ದಾರೆ. ನಮ್ಮ ಮಾವನವರು ‘ನನಗೆ ಅರಿಯದೆ’ ಅಂತ ಬರೆಯಬೇಕಿತ್ತು ಅನ್ನುತ್ತಾರೆ. ಈ ಮೂರರಲ್ಲಿ ಯಾವುದು ಸರಿ? ‘ಅರಿಯದೆ’ ಅನ್ನೋದು ಬರೀ ಪುಸ್ತಕದ ಮಾತಾ?
– ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಮಗನ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಮೇಷ್ಟ್ರು ತಿದ್ದಿದ್ದೂ ಒಳ್ಳೆಯ ಕನ್ನಡವೇ. ಆದರೆ ಆ ಒಡೆದ ಗಾಜಿಗೆ ಎರಡೂ ಸರಿಯಾಗಿ ಕೂರುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು. ಕಾಫಿ ಪಕ್ಕದಲ್ಲಿಟ್ಟುಕೊಂಡು ಓದಿ.

ಮೊದಲು ‘ಗೊತ್ತು’ ನೋಡೋಣ. ದಿನಕ್ಕೆ ನೂರು ಸಲ ಬಳಸುತ್ತೇವೆ, ಆದರೆ ಅದು ಕ್ರಿಯಾಪದವೇ ಅಲ್ಲ. ಅದೊಂದು ನಾಮಪದ. ಒಂದು ನೆಲೆ, ಗುರುತು ಮಾಡಿಟ್ಟ ಜಾಗ ಅನ್ನುವ ಅರ್ಥ ಅದಕ್ಕಿದೆ. ‘ಮದುವೆಗೆ ದಿನ ಗೊತ್ತು ಮಾಡಿದರು’ ಅನ್ನುತ್ತೇವಲ್ಲ, ಅಲ್ಲಿ ತಿಳಿಯುವ ಮಾತೇ ಇಲ್ಲ. ದಿನವನ್ನು ಒಂದು ಕಡೆ ನಿಲ್ಲಿಸಿದ್ದಾರೆ. ಸಭೆಯಲ್ಲಿ ಮಂಡಿಸುವ ಗೊತ್ತುವಳಿ, ಗೊತ್ತುಗುರಿಯಿಲ್ಲದ ಅಲೆದಾಟ, ಇವೆಲ್ಲ ಅದೇ ಮನೆಯವು. ‘ನನಗೆ ಗೊತ್ತು’ ಅಂದರೆ ಆ ವಿಷಯಕ್ಕೆ ನನ್ನ ತಲೆಯಲ್ಲಿ ಒಂದು ಜಾಗ ಇದೆ ಅಂತ. ‘ಗೊತ್ತಿಲ್ಲ’ ಅಂದರೆ ಆ ಜಾಗ ಖಾಲಿ. ಯಾರಾದರೂ ಹೇಳಿದರೆ ತುಂಬುತ್ತದೆ. ಬಸ್ ಎಷ್ಟು ಗಂಟೆಗೆ? ಗೊತ್ತಿಲ್ಲ. ಐದೂವರೆಗೆ. ಈಗ ಗೊತ್ತಾಯಿತು. ಮುಗಿಯಿತು ಕಥೆ.

‘ತಿಳಿ’ ಬೇರೆ ಥರ. ತಿಳಿನೀರು, ತಿಳಿಸಾರು ಅನ್ನುವಾಗಿನ ತಿಳಿಯೇ ಇದು. ಕದಡಿದ ನೀರು ಸುಮ್ನೆ ಬಿಟ್ಟರೆ ಮಣ್ಣು ತಳಕ್ಕೆ ಹೋಗಿ ಮೇಲೆ ತಿಳಿಯಾಗುತ್ತದೆ. ತಿಳಿಯುವುದೂ ಹಾಗೆಯೇ, ತಲೆಯೊಳಗಿನ ಕಲಕು ಇಳಿಯುವುದು. ಅದಕ್ಕೇ ‘ಏನು ಮಾಡಬೇಕೋ ತಿಳಿಯದೆ ನಿಂತೆ’ ಅನ್ನುವುದು ಅಷ್ಟು ಸಹಜವಾಗಿ ಕೇಳುತ್ತದೆ. ಆ ಹೊತ್ತಿಗೆ ಮನಸ್ಸು ಕದಡಿರುತ್ತದೆ.

ಇನ್ನು ‘ಅರಿ’. ಹಳಗನ್ನಡದಲ್ಲಿ ಇದನ್ನು ‘ಅಱಿ’ ಎಂದು ಬರೆಯುತ್ತಿದ್ದರು. ಈ ‘ಱ’ ಈಗ ಬಳಕೆಯಲ್ಲಿ ಇಲ್ಲದ ಅಕ್ಷರ; ಶಕಟರೇಫ ಅಂತ ಅದರ ಹೆಸರು. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಇದನ್ನು ಮಾಮೂಲಿ ‘ರ’ದಿಂದ ಬೇರೆಯಾಗಿಯೇ ಗುರುತಿಸುತ್ತಾನೆ. ಬೇರೆಯಾಗಿಡಲು ಕಾರಣವೂ ಇತ್ತು. ಮಾಮೂಲಿ ರಕಾರದ ‘ಅರಿ’ಗೆ ಕತ್ತರಿಸು ಎಂದು ಅರ್ಥ. ಕೊಯ್ದು ಹಾಕಿದ ಪೈರಿಗೆ ‘ಅರಿ’ ಅನ್ನುವ ಮಾತು ಬಂದಿದ್ದು ಅಲ್ಲಿಂದ. ಇವೆರಡೂ ಸಾಲದು ಅಂತ ಸಂಸ್ಕೃತದ ‘ಅರಿ’ ಬೇರೆ ಇದೆ, ಅಂದರೆ ಶತ್ರು. ಅರಿಷಡ್ವರ್ಗ ಅಂದರೆ ಆರು ಶತ್ರುಗಳ ಗುಂಪು. ನಾನು ಪಾಠ ಮಾಡುವಾಗ ಒಬ್ಬ ಹುಡುಗ ‘ಅರಿಷಡ್ವರ್ಗ ಅಂದ್ರೆ ತಿಳಿಯಬೇಕಾದ ಆರು ವಿಷಯ’ ಅಂತ ಬರೆದಿದ್ದ. ಅರ್ಧ ಮಾರ್ಕ್ಸ್ ಕೊಟ್ಟೆ. ಕನ್ನಡದ ಕಣ್ಣಿನಿಂದ ನೋಡಿದ್ದ ಪಾಪ.

ಅಕ್ಕಪಕ್ಕದ ಭಾಷೆಗಳಲ್ಲೂ ಈ ಅರಿ ಉಂಟು. ತಮಿಳಿನಲ್ಲಿ ಅರಿಯಾಮೈ ಅಂದರೆ ಅಜ್ಞಾನ. ತೆಲುಗಿನ ಎರುಗು ಇದರ ತಮ್ಮ. ಮಲಯಾಳದಲ್ಲಿ ಮಾತ್ರ ಇದು ಬೀದಿಯ ಮಾತಾಗಿಯೇ ಉಳಿಯಿತು: ‘ಎನಿಕ್ಕರಿಯಿಲ್ಲ’, ನನಗೆ ಗೊತ್ತಿಲ್ಲ. ಕಾಸರಗೋಡಿನ ಕನ್ನಡಿಗರು ಇದನ್ನು ದಿನಾ ಕೇಳುತ್ತಾರೆ. ನಮ್ಮಲ್ಲಿ ಆ ಜಾಗವನ್ನು ‘ಗೊತ್ತು’ ಹಿಡಿದುಬಿಟ್ಟಿತು. ಧಾರವಾಡದ ‘ನನಗ ಗೊತ್ತಿಲ್ಲ’, ಹವ್ಯಕರ ‘ಗೊಂತಿಲ್ಲೆ’, ಪಕ್ಕದ ತುಳುವಿನ ‘ಗೊತ್ತುಜ್ಜಿ’, ಎಲ್ಲ ಕಡೆ ಅದೇ.

ಹಾಗಾದರೆ ನಮ್ಮ ‘ಅರಿ’ ಎಲ್ಲಿಗೆ ಹೋಯಿತು? ಸತ್ತಿಲ್ಲ. ಬೇರೆ ಕೆಲಸ ಹಿಡಿಯಿತು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲಿ.

ಒಂದು ಸಣ್ಣ ಪರೀಕ್ಷೆ ಮಾಡಿ. ‘ಅರಿಯದ ಮಗು’ ಅನ್ನಿ. ಆಮೇಲೆ ‘ಗೊತ್ತಿಲ್ಲದ ಮಗು’ ಅನ್ನಿ. ಮೊದಲನೆಯದು ಇನ್ನೂ ಬುದ್ಧಿ ಬಲಿಯದ, ಕಪಟ ತಿಳಿಯದ ಕೂಸು. ಎರಡನೆಯದು ಯಾರದ್ದೋ ಮಗು, ಅದರ ಪರಿಚಯ ನಮಗಿಲ್ಲ. ಇನ್ನೊಂದು: ‘ಅರಿಯದ ವಯಸ್ಸು’ ಅಂದರೆ ಎಳೆತನ. ‘ಗೊತ್ತಿಲ್ಲದ ವಯಸ್ಸು’ ಅಂದರೆ ಹುಟ್ಟಿದ ದಿನದ ದಾಖಲೆ ಇಲ್ಲ ಅಂತ! ಎರಡು ಪದಕ್ಕೂ ಒಂದೇ ಅರ್ಥವಾಗಿದ್ದರೆ ಹೀಗೆ ಆಗುತ್ತಿರಲಿಲ್ಲ, ಅಲ್ವಾ?

‘ಗೊತ್ತಿಲ್ಲ’ ಅಂದಾಗ ಇಲ್ಲದಿರುವುದು ಒಂದು ವಿಷಯ. ‘ಅರಿಯದ’ ಅಂದಾಗ ಮಾತು ಆ ಮನುಷ್ಯನ ಬಗ್ಗೆ. ಅವನ ಒಳಗೆ ಇನ್ನೂ ಏನೋ ಮೂಡಿಲ್ಲ, ಅಥವಾ ಆ ಗಳಿಗೆಯಲ್ಲಿ ಅದು ಎಚ್ಚರವಾಗಿರಲಿಲ್ಲ. ಹಾಗಾಗಿ ‘ಗೊತ್ತಿಲ್ಲದೆ ಮಾಡಿದೆ’ ಅಂದವನನ್ನು ‘ಏನು ಗೊತ್ತಿರಲಿಲ್ಲ?’ ಎಂದು ತಕ್ಷಣ ಕೇಳಬಹುದು. ಅವನು ಹೇಳಬೇಕಾಗುತ್ತದೆ. ‘ಅರಿಯದೆ ಮಾಡಿದೆ’ ಅಂದವನನ್ನು ‘ಏನನ್ನು?’ ಅಂತ ಯಾರೂ ಕೇಳುವುದಿಲ್ಲ. ಅವನು ಒಂದು ಮಾಹಿತಿಯ ಕೊರತೆಯನ್ನು ಹೇಳುತ್ತಿಲ್ಲ, ತನ್ನನ್ನೇ ಮುಂದಿಟ್ಟು ಮನ್ನಿಸಿ ಅನ್ನುತ್ತಿದ್ದಾನೆ. ದೇವರ ಮುಂದೆ ಕೈಮುಗಿದು ‘ಅರಿತೋ ಅರಿಯದೆಯೋ ಮಾಡಿದ ತಪ್ಪು’ ಅನ್ನುವಾಗಲೂ ಯಾವ ತಪ್ಪು ಎಂದು ಪಟ್ಟಿ ಕೊಡುವುದಿಲ್ಲವಲ್ಲ.

ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಸಾಕ್ಷಿ ಆಸ್ಪತ್ರೆಯದು. ಆಪರೇಷನ್ನಿಗೆ ಮುಂಚೆ ಕೊಡುವ ಅನಸ್ತೇಷಿಯಾಕ್ಕೆ ಕನ್ನಡದಲ್ಲಿ ‘ಅರಿವಳಿಕೆ’ ಅನ್ನುತ್ತಾರೆ. ಅರಿವು ಅಳಿಯುವುದು, ಅರಿವಳಿಕೆ. ನನ್ನ ತಾಯಿಗೆ ಹರ್ನಿಯಾ ಆಪರೇಷನ್ ಆದಾಗ ಒಪ್ಪಿಗೆ ಪತ್ರ ಓದಿ ಹೇಳಿದೆ. ಅವರು ಗಾಬರಿಯಾಗಿ ಕೇಳಿದರು: ‘ಅರಿವು ಅಳಿಯೋದು ಅಂದ್ರೆ ಮತ್ತೆ ವಾಪಸ್ ಬರಲ್ವೇನೋ?’ ಪಕ್ಕದಲ್ಲಿದ್ದ ಡಾಕ್ಟರು ‘ಎರಡು ಗಂಟೆ ಅಷ್ಟೇ ಅಮ್ಮಾ, ಆಮೇಲೆ ನಿಮ್ಮ ಅರಿವು ನಿಮಗೇ’ ಅಂದು ನಕ್ಕರು. ಕೈಗೋ ಹಲ್ಲಿಗೋ ಮಾತ್ರ ಕೊಟ್ಟರೆ ಅದು ಸ್ಥಳೀಯ ಅರಿವಳಿಕೆ. ಅಂದರೆ ಚರ್ಮಕ್ಕೆ ಆಗುವ ನೋವು, ಮುಟ್ಟಿದ್ದು, ಚುಚ್ಚಿದ್ದು, ಎಲ್ಲವೂ ‘ಅರಿವು’ ಅನ್ನುವ ಪದದೊಳಗೆ ಬರುತ್ತದೆ. ಇದನ್ನು ‘ಗೊತ್ತಳಿಕೆ’ ಅನ್ನಲು ಆಗುತ್ತದೆಯೇ? ನಗು ಬರುತ್ತದೆ.

ಅರಿಯ ಮನೆಯವರು ಇನ್ನೂ ಕೆಲವರಿದ್ದಾರೆ. ‘ಅರಿಕೆ ಮಾಡಿಕೊಳ್ಳುತ್ತೇನೆ’ ಅನ್ನುವ ಅರಿಕೆ, ‘ಅರುಹಿದನು’ ಅನ್ನುವ ಅರುಹು. ಹಳೆಯ ಪುಸ್ತಕಗಳ ಮುನ್ನುಡಿಗೆ ಲೇಖಕರು ‘ಅರಿಕೆ’ ಎಂದೇ ತಲೆಬರಹ ಕೊಡುತ್ತಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಧ್ಯೇಯವಾಕ್ಯ ‘ಅರಿವೇ ಗುರು’. ಅಲ್ಲಿ ‘ಮಾಹಿತಿಯೇ ಗುರು’ ಅಂತ ಹಾಕಿ ನೋಡಿ, ಗಾಳಿ ಬಿಟ್ಟ ಬಲೂನು. ಆದರೂ ಸರಕಾರಿ ಬ್ಯಾನರುಗಳಲ್ಲಿ ಈಗ ಕಾಣುವ ‘ಅರಿವು ಮೂಡಿಸುವ ಕಾರ್ಯಕ್ರಮ’ದಲ್ಲಿ ಹೆಚ್ಚಿನ ಸಲ ನಡೆಯುವುದು ಮಾಹಿತಿ ಹಂಚುವುದೇ. ಕರಪತ್ರ ಕೊಟ್ಟರೆ ಗೊತ್ತಾಗುತ್ತದೆ. ಅರಿವು ಮೂಡುತ್ತದೋ ಇಲ್ಲವೋ ಅನ್ನುವುದು ಬೇರೆ ಮಾತು.

ಕುತೂಹಲಕ್ಕೆ ಹೇಳುತ್ತೇನೆ, ನಮ್ಮ ಕಾನೂನು ಕೂಡ ಈ ಎರಡನ್ನು ಬೇರೆ ಬೇರೆ ಇಟ್ಟಿದೆ. 1860ರ ಭಾರತೀಯ ದಂಡ ಸಂಹಿತೆಯ 76 ಮತ್ತು 79ನೇ ಕಲಂಗಳು ‘ಗೊತ್ತಿಲ್ಲದೆ’ ಜಾತಿಯವು. ಒಂದು ಸಂಗತಿಯನ್ನು ಪ್ರಾಮಾಣಿಕವಾಗಿ ತಪ್ಪು ತಿಳಿದು ಮಾಡಿದ್ದಕ್ಕೆ ಅಲ್ಲಿ ರಕ್ಷಣೆ ಇದೆ. ಕಾನೂನೇ ಗೊತ್ತಿರಲಿಲ್ಲ ಅಂದರೆ ಇಲ್ಲ. 82 ಮತ್ತು 83 ‘ಅರಿಯದೆ’ ಜಾತಿಯವು. ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳು ದಾಟಿ ಹನ್ನೆರಡು ತುಂಬದ ಮಗುವಿಗೆ, ತಾನು ಮಾಡಿದ್ದು ಏನು, ಅದರಿಂದ ಏನಾಗುತ್ತದೆ ಎಂದು ತೂಗಿ ನೋಡುವಷ್ಟು ಬುದ್ಧಿ ಬಲಿತಿಲ್ಲದಿದ್ದರೆ ಆಗಲೂ ಅಪರಾಧವಲ್ಲ. 2024ರ ಜುಲೈ 1ರಂದು ಆ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇವು ಹಾಗೇ ಇವೆ, ನಂಬರ್ ಮಾತ್ರ ಬೇರೆ. ಮಗುವಿಗೆ ಒಂದು ವಿಷಯ ಗೊತ್ತಿತ್ತೋ ಇಲ್ಲವೋ ಎಂದು ಈ ಎರಡನೇ ಜೋಡಿ ಕೇಳುವುದಿಲ್ಲ. ತೂಗುವ ಶಕ್ತಿ ಬಂದಿತ್ತೋ ಇಲ್ಲವೋ ಎಂದು ಕೇಳುತ್ತದೆ. ನಮ್ಮ ಅಜ್ಜಿಯರು ‘ಅರೀದ ಕೂಸು, ಬಿಡಿ’ ಅನ್ನುತ್ತಿದ್ದರಲ್ಲ, ಅದೇ ತೀರ್ಪು.

ಇಷ್ಟು ಹೇಳಿದ ಮೇಲೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಈ ಗೆರೆ ಎಲ್ಲ ಕಡೆ ಇಷ್ಟು ಚೊಕ್ಕವಾಗಿ ಇರುವುದಿಲ್ಲ. ‘ದಾರಿ ಅರಿಯದೆ ಅಲೆದರು’ ಅಂದಾಗ ಅರಿಯದೆಗೆ ಒಂದು ಕರ್ಮಪದ ಸಿಕ್ಕಿದೆ, ದಾರಿ. ಆಗ ಅದು ‘ಗೊತ್ತಿಲ್ಲದೆ’ಯ ಹತ್ತಿರ ಬರುತ್ತದೆ. ಬಸವಣ್ಣನವರು ತಮ್ಮ ಒಂದು ವಚನದಲ್ಲಿ ತಾಳಮಾನವನ್ನು ಅರಿಯೆ ಅನ್ನುವಾಗಲೂ ಹಾಗೆಯೇ, ಏನನ್ನು ಅರಿಯೆ ಎಂದು ಹೆಸರಿಟ್ಟೇ ಹೇಳುತ್ತಾರೆ. ಕರ್ಮಪದ ಇಲ್ಲದೆ ಒಂಟಿಯಾಗಿ ನಿಂತ ‘ಅರಿಯದೆ’ಗೆ ಮಾತ್ರ ನಾನು ಹೇಳಿದ ಆ ಬಣ್ಣ ಗಾಢವಾಗಿ ಬರುತ್ತದೆ.

ಈಗ ಮಾವನವರ ಆಕ್ಷೇಪಣೆಗೆ ಬರೋಣ. ‘ನನಗೆ ಅರಿಯದೆ’ ಸರಿಯೋ ‘ನಾನು ಅರಿಯದೆ’ ಸರಿಯೋ?

ಗೊತ್ತು ನಾಮಪದವಾದ್ದರಿಂದ ಅದಕ್ಕೆ ‘ನನಗೆ’ ಬೇಕೇ ಬೇಕು. ಅರಿ ಕ್ರಿಯಾಪದ. ಅರಿಯುವವನು ನಾನು. ಆದ್ದರಿಂದ ನಾನು ಅರಿತೆ, ನಾನು ಅರಿಯೆ, ನಾನು ಅರಿಯದೆ. ಈ ‘ಅರಿಯೆ’ ಇದೆಯಲ್ಲ, ಅದು ಕನ್ನಡದ ಹಳೆಯ ನಿಷೇಧ ರೂಪ. ನಾನು ಅರಿಯೆ, ಅವನು ಅರಿಯ, ಅವಳು ಅರಿಯಳು, ಅವರು ಅರಿಯರು. ಇದಕ್ಕೆ ಕಾಲವೇ ಇಲ್ಲ. ನಿನ್ನೆ ತಿಳಿದಿರಲಿಲ್ಲವೋ, ಇವತ್ತು ತಿಳಿದಿಲ್ಲವೋ, ನಾಳೆ ತಿಳಿಯುವುದಿಲ್ಲವೋ, ಒಂದೇ ಮಾತು ಸಾಕು. ಉತ್ತರ ಕರ್ನಾಟಕದಲ್ಲಿ ‘ಒಲ್ಲೆ’ ಅನ್ನುತ್ತಾರಲ್ಲ, ಅದೇ ಅಚ್ಚಿನದು. ಒಲ್ಲೆ ಇನ್ನೂ ಬಾಯಲ್ಲಿದೆ, ಅರಿಯೆ ಬರವಣಿಗೆಗೆ ಸರಿದಿದೆ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದೇ: ‘ಅರಿಯೆ’ ಪುಸ್ತಕದ ಮಾತು ನಿಜ, ಆದರೆ ‘ಅರಿಯದೆ’, ‘ಅರೀದ’, ‘ಅರಿವಿಲ್ಲ’, ‘ಅರಿವುಗೇಡಿ’ ಮನೆಯ ಮಾತುಗಳೇ.

ಆದರೂ ‘ನನಗೆ ಅರಿಯದೆ’ ಅನ್ನುವವರು ತುಂಬ ಜನ. ಗೊತ್ತು, ತಿಳಿಯಿತು, ಅರ್ಥವಾಯಿತು, ನೆನಪಿದೆ, ಇವೆಲ್ಲಕ್ಕೂ ‘ನನಗೆ’ ಬರುವಾಗ ಇದನ್ನೂ ಆ ಸಾಲಿಗೆ ಎಳೆದುಬಿಟ್ಟಿದ್ದಾರೆ. ಮಲಯಾಳದಲ್ಲಿ ಆದದ್ದೂ ಅದೇ ಅಲ್ಲವೇ? ಹಾಗಾಗಿ ಮಾವನವರನ್ನು ನಾನು ಬೈಯುವುದಿಲ್ಲ. ಮಾತಿನಲ್ಲಿ ಬಿಟ್ಟುಬಿಡಿ. ಬರೆಯುವಾಗ ಮಾತ್ರ ‘ನಾನು ಅರಿಯದೆ’ ಅಥವಾ ‘ನನಗೆ ಅರಿವಿಲ್ಲದೆ’, ಎರಡರಲ್ಲಿ ಒಂದನ್ನು ಹಿಡಿಯಿರಿ. ‘ಯಾರಿಗೂ ಅರಿಯದಂತೆ’ ಎಂದು ಬರೆಯುವ ಕಡೆ ‘ಯಾರೂ ಅರಿಯದಂತೆ’ ಅಥವಾ ‘ಯಾರಿಗೂ ತಿಳಿಯದಂತೆ’ ಚೆನ್ನ. ಹಾಗೇ ಕೊನೆಯ ಅಕ್ಷರ. ‘ಅರಿಯದೆ’ ಸಾಕು, ‘ಅರಿಯದೇ’ ಎಂದು ಎಳೆದರೆ ಒತ್ತಿ ಹೇಳಿದಂತೆ. ಎಲ್ಲ ಕಡೆ ದೀರ್ಘ ಹಾಕುವ ಚಾಳಿ ಈಗ ಜಾಸ್ತಿಯಾಗಿದೆ.

‘ಅರಿಯದ’ ಅನ್ನುವುದಕ್ಕೆ ಎರಡು ಮುಖ ಇದೆ ಅನ್ನುವುದನ್ನೂ ಗಮನಿಸಿ. ‘ಏನೂ ಅರಿಯದ ಮಗು’ ಅಂದಾಗ ಅರಿಯದಿರುವುದು ಮಗು. ‘ನಾನರಿಯದ ಊರು’ ಅಂದಾಗ ಊರು ಏನು ಮಾಡೀತು, ಅರಿಯದವನು ನಾನು. ಕನ್ನಡ ಒಂದೇ ರೂಪದಲ್ಲಿ ಎರಡನ್ನೂ ಸಾಗಿಸುತ್ತದೆ. ಸಂಸ್ಕೃತದಲ್ಲಿ ಹಾಗಿಲ್ಲ. ತಿಳಿಯದವನು ಅಜ್ಞ, ತಿಳಿಯದೆ ಉಳಿದದ್ದು ಅಜ್ಞಾತ. ಪಾಂಡವರು ವಿರಾಟನ ಊರಿನಲ್ಲಿ ಒಂದು ವರ್ಷ ಮಾಡಿದ್ದು ಅಜ್ಞಾತವಾಸ, ಅಂದರೆ ಬೇರೆಯವರಿಗೆ ತಿಳಿಯದ ಹಾಗೆ. ಅವರು ಅಜ್ಞರಾಗಿರಲಿಲ್ಲ! ವೇದಿಕೆಯ ಮೇಲೆ ವಿನಯಕ್ಕೆಂದು ‘ಈ ವಿಷಯದಲ್ಲಿ ನಾನು ಅಜ್ಞಾತ’ ಅಂದವರನ್ನು ಕಂಡಿದ್ದೇನೆ. ಆ ಮಾತು ಅವರು ಅಂದುಕೊಂಡದ್ದಕ್ಕಿಂತ ಹೆಚ್ಚು ವಿನಯದ್ದಾಗಿಬಿಟ್ಟಿತು. ಸಂಸ್ಕೃತದಿಂದ ಬಂದ ಇನ್ನೊಂದು ಜೋಡಿ ಮಜವಾಗಿದೆ: ಮುಗ್ಧ ಮತ್ತು ಮೂಢ. ಎರಡೂ ‘ಮುಹ್’ ಅನ್ನುವ ಒಂದೇ ಧಾತುವಿನಿಂದ ಬಂದವು. ಮುದ್ದು ಮಾಡಿದರೆ ಮುಗ್ಧ, ಸಿಟ್ಟು ಬಂದರೆ ಮೂಢ. ಒಂಬತ್ತನೇ ತರಗತಿಯ ಹುಡುಗರು ಒಂದೇ ದಿನ ಎರಡೂ ಆಗಬಲ್ಲರು.

ಗೊತ್ತಿದ್ದೂ ಗಮನ ಇಲ್ಲದಿರುವುದಕ್ಕೆ ಕನ್ನಡದಲ್ಲಿ ‘ಪರಿವೆ’ ಅನ್ನುವ ಸೊಗಸಾದ ಪದ ಇದೆ. ಮೊಬೈಲು ನೋಡುತ್ತಾ ರಸ್ತೆ ದಾಟುವವನಿಗೆ ವಾಹನಗಳ ಪರಿವೆ ಇರುವುದಿಲ್ಲ. ರಸ್ತೆಯಲ್ಲಿ ವಾಹನ ಓಡಾಡುತ್ತದೆ ಅಂತ ಅವನಿಗೆ ಗೊತ್ತು, ಆದರೂ ಆ ಹೊತ್ತಿಗೆ ಅದು ಅವನ ಲೆಕ್ಕಕ್ಕಿಲ್ಲ. ಇದೇ ಸ್ಥಿತಿ ಸುಖದ್ದಾದರೆ ‘ಮೈಮರೆವು’. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಗಾದದ್ದೇ ತಿಳಿಯಲಿಲ್ಲ ಅನ್ನುವವರದ್ದು ಮೈಮರೆವು. ಅವರನ್ನು ಪರಿವೆಯಿಲ್ಲದವರು ಅಂದರೆ ಬೈದ ಹಾಗಾಗುತ್ತದೆ. ಇನ್ನು ‘ಈ ವಿಷಯ ನನ್ನ ಗಮನಕ್ಕೆ ಬಂದಿಲ್ಲ’ ಅನ್ನುವ ಆಫೀಸಿನ ವಾಕ್ಯ. ಎಷ್ಟು ಚಾಣಾಕ್ಷ ನೋಡಿ! ನಾನು ನೋಡಲಿಲ್ಲ ಅಂತ ಇಲ್ಲ. ವಿಷಯ ತಾನಾಗಿ ನಡೆದುಕೊಂಡು ಬರಬೇಕಿತ್ತು, ಬರಲಿಲ್ಲ, ತಪ್ಪು ವಿಷಯದ್ದೇ. ಸಂಸ್ಕೃತದಲ್ಲಿ ‘ಗಮನ’ ಅಂದರೆ ಹೋಗುವುದು. ಅದೂ ಹೋಗಿಯೇ ಬಿಟ್ಟಿರಬೇಕು.

ಸರಿ, ಗಾಜಿಗೆ ಬರೋಣ. ನಿಮ್ಮ ಮಗನಿಗೆ ಏನು ಗೊತ್ತಿರಲಿಲ್ಲ? ಕಿಟಕಿ ಅಲ್ಲಿದೆ ಅಂತ ಗೊತ್ತಿತ್ತು. ಚೆಂಡು ಬಿದ್ದರೆ ಗಾಜು ಒಡೆಯುತ್ತದೆ ಅಂತಲೂ ಗೊತ್ತಿತ್ತು. ಆದ್ದರಿಂದ ‘ಗೊತ್ತಿಲ್ಲದೆ’ ಹೊಂದುವುದಿಲ್ಲ. ಹೆಡ್‌ಮಾಸ್ಟರು ‘ಏನಪ್ಪಾ ಗೊತ್ತಿರಲಿಲ್ಲ?’ ಅಂದರೆ ಹುಡುಗ ತಬ್ಬಿಬ್ಬಾಗುತ್ತಾನೆ. ‘ಅರಿಯದೆ’ ಅಂದರೆ ಎಳೆತನದ ಮಾಫಿ ಕೇಳಿದಂತೆ. ಒಂಬತ್ತನೇ ತರಗತಿಯ ಹುಡುಗ ಆ ಮಾಫಿ ಕೇಳುವ ವಯಸ್ಸು ದಾಟಿದ್ದಾನೆ. ಮೇಷ್ಟ್ರಿಗೆ ಆ ಪದ ಯಾಕೋ ಸರಿಹೋಗಲಿಲ್ಲ ಅನ್ನಿಸಿದ್ದು ಇದಕ್ಕೇ ಇರಬೇಕು. ರೋಗ ಸರಿಯಾಗಿಯೇ ಹಿಡಿದರು, ಔಷಧಿ ಬೇರೆ ಕೊಟ್ಟರು.

ನಡೆದದ್ದು ಬೇಕೆಂದು ಮಾಡಿದ್ದಲ್ಲ, ಅಷ್ಟೇ. ಅದಕ್ಕೆ ಕನ್ನಡ ಎಷ್ಟು ಚೆಂದದ ಮಾತುಗಳನ್ನು ಇಟ್ಟುಕೊಂಡಿದೆ ನೋಡಿ. ಓದುವಾಗ ಬಿಟ್ಟುಹೋದರೆ ಕಣ್ತಪ್ಪು. ಆಡಬಾರದ್ದು ಆಡಿದರೆ ಬಾಯಿತಪ್ಪಿ ಬಂದದ್ದು. ಲೋಟ ಬಿದ್ದರೆ ಕೈತಪ್ಪಿ ಬಿದ್ದದ್ದು. ನಾವು ಮನುಷ್ಯನನ್ನು ಬಿಟ್ಟು ಅವನ ಕಣ್ಣು, ಬಾಯಿ, ಕೈಗಳ ಮೇಲೆ ತಪ್ಪು ಹೊರಿಸುತ್ತೇವೆ. ಪತ್ರಿಕೆಗಳು ತಿದ್ದುಪಡಿ ಹಾಕುವಾಗ ಬರೆಯುವ ‘ಅಚಾತುರ್ಯದಿಂದ’ ಅನ್ನುವುದಕ್ಕಿಂತ ‘ಕಣ್ತಪ್ಪಿನಿಂದ’ ನನಗೆ ಹೆಚ್ಚು ಇಷ್ಟ. ‘ಆಕಸ್ಮಿಕವಾಗಿ’ ಕೂಡ ನಡೆಯುತ್ತದೆ, ಆದರೆ ಅದರಲ್ಲಿ ಬ್ಯಾಟು ಹಿಡಿದವನೇ ಕಾಣೆಯಾಗುತ್ತಾನೆ.

ನನ್ನನ್ನು ಕೇಳಿದರೆ ಪತ್ರ ಹೀಗೆ ಬರೆಯಲಿ: ‘ಆಡುವಾಗ ನಾನು ಹೊಡೆದ ಚೆಂಡು ಗುರಿ ತಪ್ಪಿ ಲ್ಯಾಬಿನ ಕಿಟಕಿಗೆ ಬಿತ್ತು. ಬೇಕೆಂದು ಮಾಡಿದ್ದಲ್ಲ. ಗಾಜು ಒಡೆದಿದ್ದಕ್ಕೆ ಕ್ಷಮಿಸಿ.’ ಗಾಜಿನ ದುಡ್ಡು ನೀವು ಕೊಡುವುದಾದರೆ ಅದನ್ನೂ ಒಂದು ಸಾಲಿನಲ್ಲಿ ಸೇರಿಸಲಿ. ಹೆಡ್‌ಮಾಸ್ಟರು ಮೊದಲು ಓದುವುದು ಆ ಸಾಲನ್ನೇ.